ಹಲ್ಲು ಹಿಡಿದು ನೋಡಿ, ಆಮೇಲೆ ಕ್ಯಾಮೆರಾ ಕೊಳ್ಳಿ

ನಮ್ಮ ಕ್ಯಾಂಪಸ್‌ಗೆ ಈ ವರ್ಷ ಫಿಲ್ಮ್ ಕ್ಯಾಮೆರಾ ಜ್ವರ ಬಂದಿದೆ. ಫೆಸ್ಟ್ ದಿನ ಸುಮ್ಮನೆ ಲೆಕ್ಕ ಹಾಕಿದ್ವಿ. ಸ್ಟೇಜ್ ಮುಂದೆ ನಿಂತವರಲ್ಲಿ ಒಂಬತ್ತು ಜನರ ಕುತ್ತಿಗೆಯಲ್ಲಿ ಅಪ್ಪ ಅಮ್ಮನ ಮದುವೆ ಕಾಲದ ಕ್ಯಾಮೆರಾ ನೇತಾಡ್ತಿತ್ತು. ಒಳ್ಳೆಯದೇ. ಒಂದು ಟೀ ಲೋಟಕ್ಕೆ ಮೂವತ್ತು ಫೋಟೋ ಹೊಡೆಯೋ ನಮ್ಮ ಪೀಳಿಗೆಗೆ, 36ಕ್ಕೆ ಮುಗಿದುಹೋಗೋ ರೋಲು ಸ್ವಲ್ಪ ತಾಳ್ಮೆ ಕಲಿಸುತ್ತೆ. ಆದ್ರೆ ಆ ಒಂಬತ್ತರಲ್ಲಿ ಎಷ್ಟು ಸರಿಯಾಗಿ ಕೆಲಸ ಮಾಡ್ತಿದ್ವು ಅಂತ ಆಮೇಲೆ ವಿಚಾರಿಸಿದ್ರೆ ಉತ್ತರ ನಾಲ್ಕು. ಉಳಿದ ಐದು ಬರೀ ಸರ.

ನಮ್ಮ ಬ್ಯಾಚಿನ ಗೆಳೆಯನೊಬ್ಬ ಹೋದ ಸೆಮಿಸ್ಟರ್‌ನಲ್ಲಿ ಏಳು ಸಾವಿರ ಕೊಟ್ಟು ಒಂದು ಕ್ಯಾಮೆರಾ ತರಿಸಿದ. ಮಾರಿದವರು ಅದರ ಬಗ್ಗೆ ಬರೆದಿದ್ದು ಎರಡೇ ಪದ: ‘ವರ್ಕಿಂಗ್ ಕಂಡಿಶನ್’. ಏಳು ಸಾವಿರ ಅಂದ್ರೆ ಅವನು ಬೇಸಿಗೆ ರಜೆಯಲ್ಲಿ ಮಾವನ ಆಲೆಮನೆಯಲ್ಲಿ ಲೆಕ್ಕ ಬರೆದು ಕೂಡಿಟ್ಟ ದುಡ್ಡು. ಮೊದಲ ರೋಲು ತೊಳೆಸಿಕೊಂಡು ಬಂದಾಗ 36ರಲ್ಲಿ 22 ಫೋಟೋಗಳ ಒಂದು ಬದಿ ಕಾಲುಭಾಗ ಕಪ್ಪಗಿತ್ತು. ಮಾರಿದವರನ್ನ ಕೇಳಿದ್ರೆ ಬಂದ ಉತ್ತರ, ‘ಕ್ಲಿಕ್ ಆಗ್ತಿದೆ ತಾನೇ ಬ್ರೋ?’

ಕ್ಲಿಕ್ ಆಗೋದು ಬೇರೆ, ಕೆಲಸ ಮಾಡೋದು ಬೇರೆ. ‘ವರ್ಕಿಂಗ್ ಕಂಡಿಶನ್’ ಅನ್ನೋದು ಅಳತೆ ಅಲ್ಲ, ಅಭಿಪ್ರಾಯ. ಯೂನಿಟ್ ಬರೆಯದಿದ್ರೆ ಅರ್ಧ ಮಾರ್ಕ್ಸ್ ಕಟ್ ಮಾಡಿಸಿಕೊಳ್ಳೋ ನಾವು, ಏಳು ಸಾವಿರದ ಯಂತ್ರವನ್ನ ಒಂದೂ ರೀಡಿಂಗ್ ಇಲ್ಲದೆ ಹೇಗೆ ಕೊಳ್ತೀವಿ?

ಈ ಬರಹದಲ್ಲಿ ನಾವು ಹೇಳಬೇಕು ಅಂದುಕೊಂಡಿದ್ದು ಎರಡು ಮಾತು. ಒಂದು, ಹಳೆ ಕ್ಯಾಮೆರಾವನ್ನ ಪರೀಕ್ಷೆ ಮಾಡದೆ ಕೊಳ್ಳಬೇಡಿ, ಪರೀಕ್ಷೆ ಮಾಡೋಕೆ ನಾಚಬೇಡಿ. ಎರಡು, ಪರೀಕ್ಷೆಯಲ್ಲಿ ಕಂಡದ್ದನ್ನ ಮಾರುವವರ ಎದುರಿಗೇ ಬಾಯಿಬಿಟ್ಟು ಹೇಳಿ, ಅದರಿಂದ ನಿಮಗೆ ನಷ್ಟ ಆದ್ರೂ ಸರಿ. ಮೊದಲನೇದನ್ನ ಎಲ್ಲರೂ ಒಪ್ತಾರೆ. ಎರಡನೇದರ ಜಗಳ ನಮ್ಮ ಹಾಸ್ಟೆಲ್ ರೂಮಿನಲ್ಲೇ ಇನ್ನೂ ಮುಗಿದಿಲ್ಲ.

ಜಾತ್ರೆಯಲ್ಲಿ ಕಲಿಯಬೇಕಾದ್ದು

ಮಂಡ್ಯ ಸೀಮೆಯವರಿಗೆ ಮೊದಲ ಮಾತನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ದನದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳೋಕೆ ಬಂದ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡ್ತಾನೆ. ಹಾಲುಹಲ್ಲಾ, ಎರಡು ಹಲ್ಲಾ, ನಾಲ್ಕು ಹಲ್ಲಾ, ಅದರಲ್ಲೇ ವಯಸ್ಸು ಗೊತ್ತಾಗುತ್ತೆ. ಸುಳಿ ನೋಡ್ತಾನೆ, ಗೊರಸು ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. ಮಾರೋನಿಗೆ ಇದರಿಂದ ಬೇಜಾರೇನೂ ಇಲ್ಲ. ನೋಡದೆ ದುಡ್ಡು ಎಣಿಸೋಕೆ ಶುರು ಮಾಡಿದ್ರೇ ಅವನಿಗೆ ಅನುಮಾನ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಾರೆ. ಗಮನಿಸಬೇಕಾದ್ದು ಇಲ್ಲೇ. ಗುಟ್ಟಾಗಿರೋದು ಬೆಲೆ ಮಾತ್ರ. ಹಲ್ಲು ನೋಡೋದು ನಾಲ್ಕು ಜನರ ಎದುರಿಗೆ, ಹಗಲು ಹೊತ್ತಿನಲ್ಲಿ.

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತ ಗಾದೆ ಇದೆ, ನಿಜ. ತಾತನ ಬೀರುವಿನಿಂದ ಪುಕ್ಕಟೆ ಸಿಕ್ಕ ಕ್ಯಾಮೆರಾಗೆ ಆ ಗಾದೆ ಹಚ್ಚಿಕೊಳ್ಳಿ. ದುಡ್ಡು ಕೊಟ್ಟು ತಂದ ಎಮ್ಮೆಗೆ ಅದು ಲಾಗೂ ಆಗಲ್ಲ.

ಹಳೆ ಕ್ಯಾಮೆರಾ ವಿಷಯದಲ್ಲಿ ಹಲ್ಲು ನೋಡೋದು ಇನ್ನೂ ಮುಖ್ಯ, ಯಾಕಂದ್ರೆ ಹಿಂದೆ ಯಾರೂ ಇಲ್ಲ. ಪೆಂಟ್ಯಾಕ್ಸ್ ಕೆ1000 ಬಂದಿದ್ದು 1976ರಲ್ಲಿ, ನಿಂತಿದ್ದು 1997ರಲ್ಲಿ. ಯಾಶಿಕಾ ಮ್ಯಾಟ್ 124ಜಿ ಬಂದಿದ್ದು 1970ರಲ್ಲಿ, ನಿಂತಿದ್ದು 1986ರಲ್ಲಿ. ನಮ್ಮ ದೇಶದಲ್ಲೇ ತಯಾರಾಗ್ತಿದ್ದ ಆಗ್ಫಾ ಕ್ಲಿಕ್ 3 ನಿಂತು ದಶಕಗಳೇ ಆದವು. ಫಿಲ್ಮಿನ ಕಥೆಯೂ ಅಷ್ಟೇ. ಮೈಸೂರಿನಿಂದ ಬಂಡೀಪುರ ದಾಟಿದ್ರೆ ಸಿಗೋ ಊಟಿಯಲ್ಲಿ 1960ರಲ್ಲಿ ಸರ್ಕಾರವೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅನ್ನೋ ಕಾರ್ಖಾನೆ ಶುರು ಮಾಡಿತ್ತು. ‘ಇಂದು’ ಅನ್ನೋ ಹೆಸರಿನ ಫಿಲ್ಮು ಅಲ್ಲಿಂದ ಬರ್ತಿತ್ತು. ಅದೂ ಬಾಗಿಲು ಹಾಕಿದೆ. ಹೊಸ ಬಿಡಿಭಾಗ ಇಲ್ಲ, ವಾರಂಟಿ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ. ರೋಲು, ಡೆವಲಪಿಂಗ್, ಸ್ಕ್ಯಾನಿಂಗ್ ಎಲ್ಲ ಸೇರಿ ಒಂದು ಕಲರ್ ರೋಲಿಗೆ ಸಾವಿರ ರೂಪಾಯಿ ದಾಟುತ್ತೆ. ಕೆಟ್ಟ ಕ್ಯಾಮೆರಾ ಒಂದು ಸಲ ದುಡ್ಡು ತಿಂದು ಸುಮ್ಮನಾಗಲ್ಲ, ರೋಲು ಹಾಕಿದಾಗಲೆಲ್ಲ ತಿನ್ನುತ್ತೆ.

ಅಂಗಡಿಯಲ್ಲಿ ಹದಿನೈದು ನಿಮಿಷ

ಬೇಕಾಗೋ ಸಾಮಾನು ಇಷ್ಟೇ: ಫೋನು, ಒಂದು ಸಣ್ಣ ಟಾರ್ಚ್, ಒಂದು ತುಂಡು ಬಟರ್ ಪೇಪರ್, ಹೊಸ ಬ್ಯಾಟರಿ, ಮತ್ತೆ ಲ್ಯಾಬಿನವರನ್ನ ಕೇಳಿ ತಂದ ಒಂದು ಕೆಲಸಕ್ಕೆ ಬಾರದ ಹಳೆ ರೋಲು.

ಹಿಂಬದಿ ಬಾಗಿಲು ತೆಗೆಯೋ ಮೊದಲು ರಿವೈಂಡ್ ಗುಂಡಿಯನ್ನ ಮೆಲ್ಲಗೆ ತಿರುಗಿಸಿ. ಬಿಗಿಯಾಗಿ ತಡೆದ್ರೆ ಒಳಗೆ ಯಾರದ್ದೋ ರೋಲು ಇದೆ ಅಂತ ಅರ್ಥ. ತೆಗೆದುಬಿಟ್ಟರೆ ಆ ಫೋಟೋಗಳು ಹೋದವು. ಮಾರುವವರಿಗೆ ಹೇಳಿ ಸುತ್ತಿಸಿ ಅವರ ಕೈಗೇ ಕೊಡಿ.

ಆಮೇಲೆ ಹೊರಮೈ. ಗೀಚು, ಬಣ್ಣ ಹೋಗಿರೋದು ಇವು ದೊಡ್ಡ ವಿಷಯ ಅಲ್ಲ, ದುಡಿದ ಯಂತ್ರದ ಗುರುತು. ನೋಡಬೇಕಾದ್ದು ಸ್ಕ್ರೂ ತಲೆಗಳನ್ನ. ತಲೆ ಕಿತ್ತುಹೋಗಿದ್ರೆ ಯಾರೋ ಸರಿಯಾದ ಸ್ಕ್ರೂಡ್ರೈವರ್ ಇಲ್ಲದೆ ಬಿಚ್ಚಿದ್ದಾರೆ. ಲೆನ್ಸಿನ ಮುಂದಿನ ಬಳೆ ಸೊಟ್ಟಗಿದ್ರೆ ಕೆಳಗೆ ಬಿದ್ದಿದೆ. ನಮ್ಮ ಕಡೆಯ ಕ್ಯಾಮೆರಾಗಳಲ್ಲಿ ಇನ್ನೊಂದು ವಿಶೇಷ ಇದೆ. ಪ್ರತಿ ವರ್ಷ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ, ವಿಭೂತಿ ಗುಂಡಿಗಳ ಸಂದಿಗೆ ಇಳಿದು ಕೂತಿರುತ್ತೆ. ಭಕ್ತಿ ಒಳ್ಳೆಯದು, ಆದ್ರೆ ಪುಡಿ ಹಳೆ ಗ್ರೀಸಿಗೆ ಸೇರಿದ್ರೆ ಅಂಟು. ಗುಂಡಿಗಳೆಲ್ಲ ಸಲೀಸಾಗಿ ತಿರುಗ್ತಾವಾ ನೋಡಿ.

ಮೂರನೇದು ಷಟರ್. ಇಡೀ ಕ್ಯಾಮೆರಾದ ಜೀವ ಇಲ್ಲಿದೆ. ಹಿಂಬದಿ ಬಾಗಿಲು ತೆಗೆದು, ಬೆಳಕಿನ ಕಡೆ ಹಿಡಿದು, ಒಂದೊಂದೇ ವೇಗದಲ್ಲಿ ಹೊಡೆಯಿರಿ. ನಿಧಾನದ ವೇಗಗಳಿಂದ ಶುರು ಮಾಡಿ. ಮಾರುವವರು ತೋರಿಸೋದು ಯಾವಾಗಲೂ 1/125, ಯಾಕಂದ್ರೆ ಅಲ್ಲಿ ಏನು ತಪ್ಪಿದ್ರೂ ಕಣ್ಣಿಗೆ ಕಾಣಲ್ಲ. 1 ಸೆಕೆಂಡಿಗೆ ಇಟ್ಟು ಹೊಡೆದಾಗ ಒಳಗೆ ಸಣ್ಣ ಗೇರುಗಳು ಒಂದೇ ಸಮನೆ ‘ಕೊರ್ರ್’ ಅನ್ನಬೇಕು. ನಡುವೆ ಏದುಸಿರು ಬಿಟ್ಟರೆ, ನಿಂತು ಹೊರಟರೆ, ಗ್ರೀಸು ಗಟ್ಟಿಯಾಗಿದೆ. ಹಳೆ ಸೋವಿಯತ್ ಕ್ಯಾಮೆರಾ, ಅಂದ್ರೆ ಜೋರ್ಕಿ, ಫೆಡ್ ಸಿಕ್ಕಿದ್ರೆ ಒಂದು ಎಚ್ಚರ: ಮೊದಲು ಲಿವರ್ ಎಳೆದು, ಆಮೇಲೆ ವೇಗ ಬದಲಿಸಿ. ಉಲ್ಟಾ ಮಾಡಿದ್ರೆ ಒಳಗಿನ ವ್ಯವಸ್ಥೆ ಹಾಳಾಗಬಹುದು.

ಇಲ್ಲಿ ಫೋನು ಕೆಲಸಕ್ಕೆ ಬರುತ್ತೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮು ಅಂದ್ರೆ ಒಂದು ಫ್ರೇಮಿಗೆ ಸುಮಾರು 4.2 ಮಿಲಿಸೆಕೆಂಡು. ಷಟರ್ ತೆರೆದಿರೋ ಫ್ರೇಮುಗಳನ್ನ ಎಣಿಸಿ. 1/15ಕ್ಕೆ 16 ಫ್ರೇಮು, 1/30ಕ್ಕೆ 8, 1/60ಕ್ಕೆ 4 ಬರಬೇಕು. 1/30ರಲ್ಲಿ 16 ಫ್ರೇಮು ಕಂಡ್ರೆ ಷಟರ್ ಒಂದು ಸ್ಟಾಪ್ ನಿಧಾನ. 1/125ರ ಮೇಲೆ ಈ ವಿಧಾನವನ್ನ ನಂಬಬೇಡಿ. ಎರಡು ಫ್ರೇಮಿನ ಅಳತೆಯಲ್ಲಿ ಒಂದು ಫ್ರೇಮು ಹೆಚ್ಚು ಕಡಿಮೆ ಆದ್ರೆ ತಪ್ಪು ಎಷ್ಟು ಪರ್ಸೆಂಟು ಅಂತ ನಿಮಗೇ ಗೊತ್ತು.

ಬಟ್ಟೆ ಪರದೆಯ ಷಟರ್ ಆದ್ರೆ ಕೋಣೆ ಕತ್ತಲೆ ಮಾಡಿ, ಲೆನ್ಸ್ ಕಳಚಿ, ಮುಂದಿನಿಂದ ಟಾರ್ಚ್ ಹಾಕಿ. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಅಡ್ಡ ಬರೋದರಿಂದ ಹಿಂದಿನಿಂದ ಪರದೆಗೆ ಬೆಳಕು ಹಾಕಿ ಮುಂದೆ ಕನ್ನಡಿಯನ್ನ ಮೆಲ್ಲಗೆ ಎತ್ತಿ ನೋಡಿದ್ರೂ ಆಯ್ತು. ನಕ್ಷತ್ರದ ಹಾಗೆ ಚುಕ್ಕಿ ಕಂಡ್ರೆ ಪರದೆಯಲ್ಲಿ ತೂತು. ಬೆರಳು ಮಾತ್ರ ಪರದೆಗೆ ತಾಗಬಾರದು.

ನಾಲ್ಕನೇದು ಲೆನ್ಸ್. ಟಾರ್ಚನ್ನ ಓರೆಯಾಗಿ ಹಿಡಿದು ಒಳಗೆ ನೋಡಿ. ಧೂಳು ಇದ್ದೇ ಇರುತ್ತೆ, ತಲೆ ಕೆಡಿಸಿಕೊಳ್ಳಬೇಡಿ. ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡ್ರೆ ಬೂಷ್ಟು. ನಾಲೆ ನೀರಿನ ಬಯಲಲ್ಲಿ, ಕರಾವಳಿಯಲ್ಲಿ, ಮಲೆನಾಡಲ್ಲಿ ಬೂಷ್ಟು ಸಾಮಾನ್ಯ. ಅದಕ್ಕೆ ಒಂದು ಕಾರಣ ನಾವೆಲ್ಲ ಮುದ್ದಾಗಿದೆ ಅಂತ ಮೆಚ್ಚೋ ಆ ಕಂದು ಬಣ್ಣದ ಚರ್ಮದ ಕೇಸು. ಅದು ತೇವವನ್ನ ಹಿಡಿದಿಟ್ಟುಕೊಳ್ಳುತ್ತೆ. ಅಂಚಿನಲ್ಲಿ ಸ್ವಲ್ಪ ಬೂಷ್ಟಿದ್ರೆ ಫೋಟೋದಲ್ಲಿ ಕಾಣಲ್ಲ, ಬೆಲೆಯಲ್ಲಿ ಕಾಣಬೇಕು. ನಡುವೆ ಇದ್ರೆ, ಅಥವಾ ಇಡೀ ಗಾಜು ಮಂಜು ಕವಿದ ಹಾಗಿದ್ರೆ, ಕೈ ಮುಗಿದು ಹೊರಡಿ. ಅಪರ್ಚರಿನ ಎಸಳುಗಳ ಮೇಲೆ ಎಣ್ಣೆ ಹೊಳೆಯಬಾರದು. ಲಿವರ್ ಬಿಟ್ಟ ತಕ್ಷಣ ಅವು ಪಟ್ ಅಂತ ಮುಚ್ಚಬೇಕು, ಸೋಮಾರಿಯ ಹಾಗೆ ಅಲ್ಲ.

ಐದನೇದು ಬೆಳಕು ತಡೆಯೋ ಫೋಮು. ಬಾಗಿಲಿನ ಅಂಚಿನಲ್ಲಿ ಕಪ್ಪು ಸ್ಪಂಜು ಇರುತ್ತೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ಕರಗಿ ಟಾರು ಆಗಿರುತ್ತೆ. ಇದನ್ನ ನೋಡಿ ಹೆದರಬೇಡಿ. ಹೊಸ ಫೋಮು ತಂದು ಒಂದು ಭಾನುವಾರ ಕೂತರೆ ನಾವೇ ಹಾಕಬಹುದು. ಚೌಕಾಸಿಗೆ ಒಳ್ಳೆ ಕಾರಣ, ಬೇಡ ಅನ್ನೋಕೆ ಕಾರಣ ಅಲ್ಲ.

ಆರನೇದು ಬ್ಯಾಟರಿ ಮತ್ತು ಮೀಟರ್. ಬ್ಯಾಟರಿ ಗೂಡಿನ ಮುಚ್ಚಳ ತೆಗೆದು ನೋಡಿ, ಹಸಿರು ಬಿಳಿ ಕಿಲುಬು ಹಿಡಿದಿದೆಯಾ? ಮೇಲ್ಮೇಲೆ ಇದ್ರೆ ಒರೆಸಬಹುದು, ತಂತಿಯ ಒಳಗೆ ಹೋಗಿದ್ರೆ ಕಷ್ಟ. ಆಮೇಲೆ ವೋಲ್ಟೇಜ್ ವಿಚಾರ. ಮ್ಯಾಟ್ 124ಜಿ ಥರದ ಕ್ಯಾಮೆರಾಗಳ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದ್ದು. ಪಾದರಸ ವಿಷ ಅಂತ ಆ ಬ್ಯಾಟರಿ ನಿಂತುಹೋಯ್ತು. 1.5 ವೋಲ್ಟಿನ ಆಲ್ಕಲೈನ್ ಹಾಕಿದ್ರೆ ಮುಳ್ಳು ಅಲ್ಲಾಡುತ್ತೆ, ಹೇಳೋದು ಸುಳ್ಳು. ‘ಮೀಟರ್ ವರ್ಕಿಂಗ್’ ಅನ್ನೋ ಮಾತಿನ ಹಿಂದೆ ಎಷ್ಟೋ ಸಲ ಇರೋದು ಈ ಸುಳ್ಳೇ. ಬಿಸಿಲು, ನೆರಳು, ಕೋಣೆ, ಮೂರು ಕಡೆ ಹಿಡಿದು ಫೋನಿನ ಮೀಟರ್ ಆ್ಯಪ್ ಜೊತೆ ಹೋಲಿಸಿ. ಮೂರರಲ್ಲೂ ಒಂದೇ ಸಮ ವ್ಯತ್ಯಾಸ ಇದ್ರೆ ಐಎಸ್‌ಒ ಬದಲಿಸಿ ನಿಭಾಯಿಸಬಹುದು. ಒಂದೊಂದು ಕಡೆ ಒಂದೊಂದು ಥರ ಇದ್ರೆ ಮೀಟರ್ ಇಲ್ಲ ಅಂತಲೇ ಲೆಕ್ಕ. ಮೀಟರ್ ಸತ್ತರೂ ಕೆ1000, ಮ್ಯಾಟ್ ಎರಡೂ ಫೋಟೋ ತೆಗೀತಾವೆ, ಅವುಗಳ ಷಟರಿಗೆ ಬ್ಯಾಟರಿ ಬೇಡ. ನಮ್ಮ ಮಟಮಟ ಮಧ್ಯಾಹ್ನದ ಬಿಸಿಲಿಗೆ 100ರ ಫಿಲ್ಮು, ಎಫ್16, 1/125 ಅಂತ ಇಟ್ಟರೆ ಸಾಕು. ಆದ್ರೆ ಯಾಶಿಕಾ ಇಲೆಕ್ಟ್ರೋ 35 ಥರದ್ದು ಬ್ಯಾಟರಿ ಇಲ್ಲದಿದ್ರೆ 1/500 ಒಂದೇ ವೇಗ ಕೊಡುತ್ತೆ. ಯಾವುದಕ್ಕೆ ಬ್ಯಾಟರಿ ಬೇಕು, ಯಾವುದಕ್ಕೆ ಬೇಡ ಅಂತ ತಿಳ್ಕೊಂಡೇ ಹೋಗಿ.

ಕೊನೆಗೆ ಫೋಕಸ್. ಫಿಲ್ಮು ಕೂರೋ ಜಾಗದಲ್ಲಿ ಬಟರ್ ಪೇಪರ್ ಅಂಟಿಸಿ, ಷಟರನ್ನ ಬಿ ಮೇಲೆ ತೆರೆದಿಟ್ಟು, ದೂರದ ತೆಂಗಿನ ಮರವೋ ಮೊಬೈಲ್ ಟವರೋ ನೋಡಿ. ಮೇಲೆ ಫೈಂಡರಿನಲ್ಲಿ ಚೂಪಾಗಿ ಕಂಡದ್ದು ಪೇಪರಿನ ಮೇಲೂ ಚೂಪಾಗಿ ಕಾಣಬೇಕು. ಆಮೇಲೆ ತಂದಿದ್ದ ಹಳೆ ರೋಲು ಹಾಕಿ ಪೂರ್ತಿ ಸುತ್ತಿ, ವಾಪಸ್ ಸುತ್ತಿ. ಫ್ರೇಮ್ ಎಣಿಕೆ ಸರಿಯಾ, ಹಲ್ಲು ರೋಲನ್ನ ಹರೀತಾ ಇದೆಯಾ, ಎಲ್ಲ ಗೊತ್ತಾಗುತ್ತೆ.

ಲ್ಯಾಬಿನಲ್ಲಿ ಐದು ನಿಮಿಷ

ನಮ್ಮ ಗೆಳೆಯನ ಕ್ಯಾಮೆರಾದ ಕಾಯಿಲೆ ಇಷ್ಟರಲ್ಲಿ ಸಿಗ್ತಿರಲಿಲ್ಲ. ಅದು ವೇಗದ ಕಡೆಯ ಕಾಯಿಲೆ. 1/500, 1/1000ರಲ್ಲಿ ಪರದೆಗಳು ಪೂರ್ತಿ ತೆರೆಯೋದೇ ಇಲ್ಲ. ಮೊದಲ ಪರದೆಯ ಹಿಂದೆ ಎರಡನೇದು ಓಡ್ತಾ, ನಡುವಿನ ಸೀಳು ಫಿಲ್ಮಿನ ಮೇಲೆ ಹಾದುಹೋಗುತ್ತೆ. ಮೊದಲನೇದು ಸುಸ್ತಾಗಿ ಎರಡನೇದು ಅದನ್ನ ಹಿಡಿದುಬಿಟ್ಟರೆ ಸೀಳು ಮುಚ್ಚಿ ಒಂದು ಬದಿ ಕಪ್ಪಾಗುತ್ತೆ.

ಇದನ್ನ ಅಳೆಯೋಕೆ ಬೇಕಾದ್ದು ಸೆಕೆಂಡ್ ಇಯರ್ ಲ್ಯಾಬಿನಲ್ಲೇ ಇದೆ. ಒಂದು ಫೋಟೋಟ್ರಾನ್ಸಿಸ್ಟರ್, 1 ಕಿಲೋ ಓಮ್ ರೆಸಿಸ್ಟರ್, 5 ವೋಲ್ಟ್ ಸಪ್ಲೈ, ಒಂದು ಡಿಜಿಟಲ್ ಆಸಿಲೋಸ್ಕೋಪ್. ಮುಂದೆ ಟಾರ್ಚ್, ಹಿಂದೆ ಸೆನ್ಸರ್, ಸಿಂಗಲ್ ಟ್ರಿಗರ್. ಟ್ಯೂಬ್‌ಲೈಟ್ ಕೆಳಗೆ ಮಾತ್ರ ಬೇಡ, ಅದರ 100 ಹರ್ಟ್ಜ್ ಮಿಣುಕು ಗಲಾಟೆ ಮಾಡುತ್ತೆ. 1/500ಕ್ಕೆ 2 ಮಿಲಿಸೆಕೆಂಡ್ ಪಲ್ಸ್ ಬರಬೇಕು. 3 ಬಂದ್ರೆ ತಪ್ಪು ಸುಮಾರು ಅರ್ಧ ಸ್ಟಾಪು, 4 ಬಂದ್ರೆ ಪೂರ್ತಿ ಒಂದು ಸ್ಟಾಪು. ನೆಗೆಟಿವ್ ಫಿಲ್ಮು ಒಂದು ಸ್ಟಾಪು ಹೆಚ್ಚು ಬೆಳಕನ್ನ ಸಹಿಸುತ್ತೆ, ಸ್ಲೈಡ್ ಫಿಲ್ಮು ಸಹಿಸಲ್ಲ. ಸೆನ್ಸರನ್ನ ಎಡಕ್ಕೆ, ನಡುವಿಗೆ, ಬಲಕ್ಕೆ ಇಟ್ಟು ಮೂರು ಸಲ ಅಳೆಯಿರಿ. ಗೆಳೆಯನ ಕ್ಯಾಮೆರಾದಲ್ಲಿ ಒಂದು ತುದಿಯಲ್ಲಿ ಪಲ್ಸೇ ಬರಲಿಲ್ಲ. ‘ಕ್ಲಿಕ್’ ಮಾತ್ರ ಚೆನ್ನಾಗಿ ಕೇಳಿಸ್ತು.

ಕಿರುಗಾವಲಿನ ಬೀರು

ಇನ್ನು ಎರಡನೇ ಮಾತಿಗೆ ಬರ್ತೀವಿ. ಮಳವಳ್ಳಿ ಬನ್ನೂರು ರಸ್ತೆಯಲ್ಲಿ ಕಿರುಗಾವಲು ಅಂತ ಊರು. ನಮ್ಮ ಪೈಕಿ ಒಬ್ಬನ ಅಜ್ಜಿ ಮನೆ ಅಲ್ಲೇ ಹತ್ತಿರ. ಹಿಂದೆ ಸ್ಟುಡಿಯೋ ನಡೆಸ್ತಿದ್ದ ಹಿರಿಯರೊಬ್ಬರು ಎರಡು ಕ್ಯಾಮೆರಾ ಕೊಡ್ತಾರಂತೆ ಅಂತ ಸುದ್ದಿ ಸಿಕ್ತು. ಒಂದು ಭಾನುವಾರ ಮೂವರು ಬಸ್ಸು ಹತ್ತಿದ್ವಿ.

ಬೀರುವಿನಿಂದ ಅವರು ತೆಗೆದಿಟ್ಟಿದ್ದು ಒಂದು ಕೆ1000, ಒಂದು ಮ್ಯಾಟ್ 124ಜಿ. ರೇಷನ್ ಕಾರ್ಡಿನ ಗುಂಪು ಫೋಟೋ, ಎಸ್‌ಎಸ್‌ಎಲ್‌ಸಿ ಮಕ್ಕಳ ಪಾಸ್‌ಪೋರ್ಟ್ ಸೈಜು, ಸುತ್ತಲ ಹಳ್ಳಿಗಳ ಮದುವೆ, ಎಲ್ಲ ಈ ಎರಡರಲ್ಲೇ. ನಾವು ಟಾರ್ಚು, ಬಟರ್ ಪೇಪರ್ ತೆಗೆದಾಗ ಸ್ವಲ್ಪ ಮುಜುಗರ ಆಗಿದ್ದು ನಿಜ. ಅವರೇ ಅಂದ್ರು, ‘ನೋಡ್ರಪ್ಪ, ಚೆನ್ನಾಗ್ ನೋಡ್ಕಳಿ. ನೋಡ್ದೆ ತಕಂಡೋದೋನು ನಾಳೆ ಬಂದು ಜಗಳ ಆಡ್ತಾನೆ.’ ಆಮೇಲೆ ಕೆ1000 ಕಿವಿ ಹತ್ರ ಹಿಡಿದು 1 ಸೆಕೆಂಡಿಗೆ ಇಟ್ಟು ಹೊಡೆದು, ‘ಇದು ಒಸಿ ಎಳೀತದೆ, ಹದಿನೈದರವರ್ಗೂ ಹಂಗೇಯ. ಮೂವತ್ತರಿಂದ ಮ್ಯಾಲೆ ಪಸಂದಾಗದೆ’ ಅಂದ್ರು. ನಮ್ಮ ಫೋನಿನ ಎಣಿಕೆಯೂ ಅದನ್ನೇ ಹೇಳ್ತು. 240 ಫ್ರೇಮಿನ ಕೆಲಸ ಅವರ ಕಿವಿ ಮಾಡಿತ್ತು.

ಮ್ಯಾಟ್ ಮಾತ್ರ ಗಡಿಯಾರದ ಹಾಗಿತ್ತು. ಎಲ್ಲ ವೇಗ ಸರಿ, ಲೆನ್ಸ್ ಶುದ್ಧ, ಬಟರ್ ಪೇಪರಿನ ಮೇಲೆ ಎದುರು ಮನೆಯ ಹೆಂಚು ಒಂದೊಂದೂ ಕಾಣ್ತಿತ್ತು. ಹೇಗೆ ಸಾರ್ ಅಂತ ಕೇಳಿದ್ವಿ. ಸ್ಟುಡಿಯೋ ಮುಚ್ಚಿದ ಮೇಲೂ ತಿಂಗಳಿಗೊಂದು ಸಲ ಹೊರಗೆ ತೆಗೆದು ಎಲ್ಲ ವೇಗದಲ್ಲೂ ಖಾಲಿ ಹೊಡೆದು ಇಡ್ತಿದ್ರಂತೆ. ಚರ್ಮದ ಕೇಸಿನಲ್ಲಿ ಇಡ್ತಿರಲಿಲ್ಲ. ‘ಸುಮ್ನೆ ಮಡಗಿದ್ರೆ ಹಿಡ್ಕತದೆ ಕಣಪ್ಪ’ ಅಂದ್ರು. ಇದೇ ಊರಿನ ರೈತ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿ ಉಳಿಸಿರೋದು ನಿಮಗೆ ಗೊತ್ತಿರಬಹುದು. ಬೀಜವನ್ನ ಡಬ್ಬಿಯಲ್ಲಿಟ್ಟು ವರ್ಷಗಟ್ಟಲೆ ಮರೆತರೆ ಮೊಳಕೆ ಶಕ್ತಿ ಹೋಗುತ್ತೆ, ಮತ್ತೆ ಮತ್ತೆ ಬಿತ್ತಬೇಕು. ಷಟರಿಗೂ ಇದೇ ನಿಯಮ ಅಂತ ಆ ದಿನ ತಿಳೀತು. ಬಳಸಿದ್ದು ಉಳಿಯುತ್ತೆ. ‘ಬಾಕ್ಸ್ ಪೀಸ್, ಇಪ್ಪತ್ತು ವರ್ಷ ಮುಟ್ಟೇ ಇಲ್ಲ’ ಅಂತ ಯಾರಾದ್ರೂ ಹೆಮ್ಮೆಯಿಂದ ಹೇಳಿದ್ರೆ ಅದು ಹೊಗಳಿಕೆ ಅಲ್ಲ, ಎಚ್ಚರಿಕೆ.

ಆಮೇಲೆ ಬೆಲೆ. ಕೆ1000ಕ್ಕೆ ಆರು ಸಾವಿರ ಅಂದ್ರು, ಮ್ಯಾಟಿಗೆ ಮೂರು. ‘ಅದು ಹಳೇ ಕಾಲದ ಡಬ್ಬ, ಬಗ್ಗಿ ನೋಡ್ಬೇಕು, ಯಾರ್ ತಕತಾರೆ?’ ಅನ್ನೋದು ಅವರ ಲೆಕ್ಕ. ನಮಗೆ ಗೊತ್ತಿತ್ತು, ಸರಿಯಾಗಿರೋ ಮ್ಯಾಟ್ ಬೆಂಗಳೂರಿನಲ್ಲಿ ಅದರ ಹಲವು ಪಟ್ಟು ಬೆಲೆಗೆ ಹೋಗುತ್ತೆ. ನಮ್ಮ ಮೂವರ ಜೇಬಿನಲ್ಲಿ ಒಟ್ಟು ಏಳು ಸಾವಿರ ಇತ್ತು. ಮ್ಯಾಟ್ ತಗೊಂಡು, ಒಂದು ವಾರದಲ್ಲಿ ಮಾರಿದ್ರೆ ಮೂವರಿಗೂ ಒಂದೊಂದು ಕ್ಯಾಮೆರಾ.

ಹೇಳಿಬಿಟ್ವಿ. ಬೆಂಗಳೂರಿನಲ್ಲಿ ಎಷ್ಟಕ್ಕೆ ಹೋಗ್ತಿದೆ ಅಂತ ಫೋನಿನಲ್ಲಿ ತೋರಿಸಿದ್ವಿ. ಅವರು ಎರಡು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಮ್ಯಾಟ್ ತಗೊಂಡು ವಾಪಸ್ ಬೀರುವಿನಲ್ಲಿಟ್ಟರು. ಕೆ1000ನ್ನ ನಾಲ್ಕೂವರೆಗೆ ಕೊಟ್ಟರು, ಕಾಫಿ ಕೊಟ್ಟರು, ಬಸ್ ಸ್ಟ್ಯಾಂಡಿನವರೆಗೂ ಬಂದ್ರು.

ಗಿಟ್ಟೋದಾ, ಒಪ್ಪೋದಾ?

ಬಸ್ಸಿನಲ್ಲೇ ಜಗಳ ಶುರು ಆಯ್ತು. ‘ನೀವೇನು ಹರಿಶ್ಚಂದ್ರನ ಮೊಮ್ಮಕ್ಕಳಾ?’ ಅಂದ ಒಬ್ಬ. ಅವನ ವಾದ ಸುಮ್ಮನೆ ತಳ್ಳಿಹಾಕೋ ಥರದ್ದಲ್ಲ. ಬೆಲೆ ಹೇಳಿದ್ದು ಅವರು, ನಾವು ಒತ್ತಾಯ ಮಾಡಿಲ್ಲ. ಕ್ಯಾಮೆರಾ ಬಗ್ಗೆ ನಾವು ತಿಂಗಳುಗಟ್ಟಲೆ ಓದಿ ತಿಳ್ಕೊಂಡಿದ್ದು ನಮ್ಮ ಶ್ರಮ, ಅದರ ಲಾಭ ನಮಗೆ ಬರಬೇಕು. ಎಲ್ಲ ವ್ಯಾಪಾರವೂ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರೋದರಿಂದಲೇ ನಡೆಯೋದು. ಮೇಲಾಗಿ ಅವರಿಗೂ ಫೋನಿದೆ, ಅವರೂ ನೋಡಬಹುದಿತ್ತು.

ನಮ್ಮ ಉತ್ತರ ಇದು. ಗೆಳೆಯನಿಗೆ ಏಳು ಸಾವಿರಕ್ಕೆ ಕಪ್ಪು ಫೋಟೋ ಮಾರಿದವರೂ ಇದೇ ಮಾತು ಹೇಳ್ತಾರೆ. ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ನಾವು ಬೇಕಿದ್ರೆ ತಿಳ್ಕೊಬಹುದಿತ್ತು. ಆಗ ನಾವೆಲ್ಲ ಸೇರಿ ‘ಮೋಸ’ ಅಂತ ಕೂಗಾಡಿದ್ವಿ. ಗೊತ್ತಿದ್ದೂ ಹೇಳದೆ ಇರೋದು ಮಾರೋನು ಮಾಡಿದ್ರೆ ಮೋಸ, ಕೊಳ್ಳೋನು ಮಾಡಿದ್ರೆ ಜಾಣತನ ಅನ್ನೋದು ಯಾವ ನ್ಯಾಯ? ಜಾತ್ರೆಯಲ್ಲಿ ರೇಟು ಟವೆಲ್ ಕೆಳಗಿರಲಿ, ಅದರಲ್ಲಿ ಚೌಕಾಸಿ ಮಾಡಿ, ಗೆಲ್ಲಿ. ಆದ್ರೆ ಹಲ್ಲು ಇಬ್ಬರಿಗೂ ಕಾಣಬೇಕು.

ಇನ್ನೊಂದು ಕಾರಣವೂ ಇದೆ. ಆ ಮ್ಯಾಟ್ ಅಷ್ಟು ಚೆನ್ನಾಗಿದ್ದಿದ್ದು ತಾನಾಗೇ ಅಲ್ಲ. ಕೆಲಸಕ್ಕೆ ಬಾರದ ಮೇಲೂ ತಿಂಗಳು ತಿಂಗಳು ಹೊರಗೆ ತೆಗೆದು ನೋಡಿಕೊಂಡ ಕೈಯಿಂದ. ನಾವು ಅಲ್ಲಿ ಅಳೆದಿದ್ದು ಜಪಾನಿನ ಕಂಪನಿಯ ಗುಣಮಟ್ಟವನ್ನ ಮಾತ್ರ ಅಲ್ಲ, ಕಿರುಗಾವಲಿನ ಒಬ್ಬರ ಇಷ್ಟು ವರ್ಷದ ಕೆಲಸವನ್ನ. ಆ ಕೆಲಸದ ಬೆಲೆಯನ್ನ ಅವರಿಗೇ ಹೇಳದೆ ಜೇಬಿಗೆ ಹಾಕ್ಕೊಂಡು ಬರೋದು ನಮ್ಮ ಕೈಲಿ ಆಗಲಿಲ್ಲ.

ಪರೀಕ್ಷೆ ಮಾಡಿದ್ರೆ ಫಿಲ್ಮಿನ ಮಜಾನೇ ಹೋಯ್ತು, ಏನು ಬರುತ್ತೋ ಗೊತ್ತಿಲ್ಲ ಅನ್ನೋದೇ ಅದರ ಚಂದ ಅಂತ ಹೇಳೋರೂ ಇದ್ದಾರೆ. ಬೆಳಕು ಸೋರಿ ಕೆಂಪು ಗೆರೆ ಬಿದ್ದ ಫೋಟೋ ನಮಗೂ ಇಷ್ಟ. ಆದ್ರೆ ಅದು ನೀವು ಆರಿಸಿಕೊಂಡ ಕೆಂಪು ಗೆರೆ ಆಗಿರಲಿ. ಮನೆಯಲ್ಲಿ ಅಜ್ಜಿಯ ಒಂದೇ ಒಂದು ಒಳ್ಳೆ ಫೋಟೋ ತೆಗೆಯಬೇಕು ಅಂತ ಹೋದಾಗ ಏನು ಬರುತ್ತೋ ಗೊತ್ತಿಲ್ಲ ಅನ್ನೋದರಲ್ಲಿ ಯಾವ ಚಂದವೂ ಇಲ್ಲ.

ಹಾಗಾದ್ರೆ ಏನು ಮಾಡೋಣ?

ನಮ್ಮ ಮನವಿ ಮೂರು.

ಕ್ಯಾಂಪಸ್ ಒಳಗೆ ಕ್ಯಾಮೆರಾ ಮಾರೋರು ಇನ್ಮೇಲೆ ‘ವರ್ಕಿಂಗ್’ ಅಂತ ಬರೆಯೋದು ನಿಲ್ಲಿಸಿ. ಬದಲಿಗೆ ಐದು ಸಾಲು ಬರೆಯಿರಿ: ಷಟರ್ ಯಾವ ವೇಗದಿಂದ ಯಾವ ವೇಗದವರೆಗೆ ಸರಿಯಿದೆ, ಲೆನ್ಸಿನಲ್ಲಿ ಏನು ಕಾಣುತ್ತೆ, ಮೀಟರ್ ಎಷ್ಟು ಸ್ಟಾಪು ತಪ್ಪು, ಯಾವ ಬ್ಯಾಟರಿ, ಕೊನೆಯ ರೋಲು ಹೊಡೆದಿದ್ದು ಯಾವಾಗ. ಗೊತ್ತಿಲ್ಲದಿದ್ರೆ ‘ಗೊತ್ತಿಲ್ಲ’ ಅಂತಲೇ ಬರೆಯಿರಿ. ಅದೂ ಒಂದು ಮಾಹಿತಿ.

ಎರಡನೇದು ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದ ಮೇಷ್ಟ್ರುಗಳಿಗೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಒಂದು ಆಸಿಲೋಸ್ಕೋಪ್ ಕೊಡಿ. ಸರ್ಕ್ಯೂಟ್ ನಾವೇ ಮಾಡ್ತೀವಿ, ರೀಡಿಂಗ್ ನಾವೇ ಬರೀತೀವಿ. ರೆಕಾರ್ಡ್ ಬುಕ್ಕಿನಲ್ಲಿ ಹೋದ ವರ್ಷದವರ ರೀಡಿಂಗ್ ನೋಡಿ ಬರೆಯೋ ಅಭ್ಯಾಸ ಇರೋರಿಗೂ, ತಮ್ಮ ದುಡ್ಡಿನ ಕ್ಯಾಮೆರಾ ಮುಂದಿಟ್ಟರೆ ಪಲ್ಸ್ ವಿಡ್ತ್ ಅಂದ್ರೇನು ಅಂತ ಒಂದೇ ದಿನದಲ್ಲಿ ಅರ್ಥ ಆಗುತ್ತೆ.

ಮೂರನೇದು ನಿಮ್ಮೆಲ್ಲರಿಗೂ. ದಸರಾ ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಹಳೆ ಸ್ಟುಡಿಯೋದವರನ್ನ ಹುಡುಕಿ ಮಾತಾಡಿಸಿ. ಮಳವಳ್ಳಿಯಲ್ಲಿ, ಮದ್ದೂರಲ್ಲಿ, ನಾಗಮಂಗಲದಲ್ಲಿ, ಎಲ್ಲ ಊರಲ್ಲೂ ಒಬ್ಬರಾದ್ರೂ ಇರ್ತಾರೆ. ಕೊಳ್ಳೋಕೇ ಹೋಗಬೇಕು ಅಂತಿಲ್ಲ. ಷಟರಿನ ಸದ್ದು ಕೇಳಿ ಕಾಯಿಲೆ ಹೇಳೋ ಕಿವಿ ಇನ್ನು ಎಷ್ಟು ವರ್ಷ ಸಿಗುತ್ತೋ. ಅವರು ಹೇಳಿದ್ದನ್ನ ಬರೆದು ತಂದ್ರೆ ಈ ಪತ್ರಿಕೆಯಲ್ಲೇ ಹಾಕೋಣ.

ನಾವು ತಂದ ಕೆ1000 ಈಗ 1/30ರಿಂದ ಮೇಲೆ ಚೆನ್ನಾಗಿ ಕೆಲಸ ಮಾಡ್ತಿದೆ. ಕೆಳಗಿನ ವೇಗಗಳು ಎಳೀತಾವೆ. ಹಾಗಂತ ಒಂದು ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿದ್ದೀವಿ. ಮುಂದೆ ಯಾರಾದ್ರೂ ನಮ್ಮಿಂದ ಕೊಂಡ್ರೆ ಆ ಚೀಟಿಯ ಸಮೇತ ಕೊಡ್ತೀವಿ.